ಪಟದಲ್ಲಿ ಉಳಿದ ಕೈ

ಮಲ್ಲಿಪಟ್ಟಣ
ಮಂಗಳವಾರ, 16-9-2025

ನನ್ನ ಮುದ್ದು ಮಗಳು ಭವ್ಯಶ್ರೀಗೆ,

ಹೇಗಿದ್ದೀಯ ಮಗಾ? ಕನ್ನಡಕ ಬಂದಿದೆಯಂತೆ, ನಿಜವೇ? ಸಣ್ಣಗೂ ಆಗಿದ್ದೀಯಂತೆ. ಬೆಳಿಗ್ಗೆ ತಿಂಡಿ ತಿನ್ನದೆ ಕೆಲಸಕ್ಕೆ ಓಡುವ ಚಾಳಿ ಇನ್ನೂ ಬಿಟ್ಟಿಲ್ಲ ಎಂದು ಕಾಣುತ್ತದೆ. ನಿನಗೆ ಗಂಟಲು ಕಟ್ಟುವ ಕಾಲ ಇದು, ಬಿಸಿನೀರು ಕುಡಿ, ರಾತ್ರಿ ಮೊಸರು ಮುಟ್ಟಬೇಡ. ಇಷ್ಟನ್ನು ಮೊದಲೇ ಬರೆದುಬಿಡುತ್ತಿದ್ದೇನೆ. ಮುಂದೆ ಬರೆಯಬೇಕಾದದ್ದು ಬೇರೆ ಥರದ್ದು, ಅದರ ಗಲಾಟೆಯಲ್ಲಿ ಇದು ಮರೆತುಹೋದರೆ ನನಗೆ ಸಮಾಧಾನವಿರುವುದಿಲ್ಲ. ಇಲ್ಲಿ ಎಲ್ಲರೂ ಇದ್ದೇವೆ. ನಿಮ್ಮಪ್ಪನ ಮಂಡಿನೋವು ಹಾಗೇ ಇದೆ, ನಿಮ್ಮಜ್ಜಿಯ ಬಾಯಿಯೂ ಹಾಗೇ ಇದೆ. ನೀನು ಹೆಸರಿಟ್ಟ ಎಮ್ಮೆ ಮತ್ತೆ ಕರು ಹಾಕಿತು, ಈ ಸಲ ಹೆಣ್ಣು. ನಿನ್ನ ಅಣ್ಣ ಕುಮಾರ ತಂದೆಯಾಗುತ್ತಿದ್ದಾನೆ. ನಿನ್ನ ಅತ್ತಿಗೆ ಸೌಜನ್ಯ ಹೆರಿಗೆಗೆಂದು ಹೊಳೆನರಸೀಪುರದ ತವರಿಗೆ ಹೋಗಿದ್ದಾಳೆ. ಅಕ್ಷರ ಸೊಟ್ಟಗಿದೆ ಎಂದು ನಗಬೇಡ. ನನ್ನ ಬಲಗೈಯಲ್ಲಿ ಬಲವಿಲ್ಲ. ಹಾಲು ಕರೆಯುವುದನ್ನೂ ಬಿಟ್ಟಿದ್ದೇನೆ, ಕುಮಾರ ಕರೆಯುವ ಮಿಶನ್ನು ತಂದಿದ್ದಾನೆ. ಆ ಕೈಯ ವಿಷಯಕ್ಕೇ ಈ ಕಾಗದ.

ಫೋನ್ ಮಾಡಬಹುದಿತ್ತಲ್ಲ ಎಂದು ಕೇಳಬೇಡ. ನಿನ್ನ ಹಳೆಯ ನಂಬರಿಗೆ ಹಾಕಿದರೆ ತಿಪಟೂರಿನ ಯಾರೋ ಗಂಡಸು ಎತ್ತುತ್ತಾನೆ. ಮೊದಲ ಸಲ ಬೈದ, ಆಮೇಲೆ ಪಾಪ ನನಗೇ ಬುದ್ಧಿ ಹೇಳಿದ. ನಿನ್ನ ವಿಳಾಸ ಕೊಟ್ಟವಳು ಆಚೆ ಬೀದಿಯ ಗಂಗಾಂಬಿಕೆ. ಅವಳ ಮಗಳನ್ನು ಚನ್ನರಾಯಪಟ್ಟಣಕ್ಕೆ ಕೊಟ್ಟಿದೆಯಲ್ಲ, ಮೊಮ್ಮಗನ ರಕ್ತ ಪರೀಕ್ಷೆ ಮಾಡಿಸಲು ಹೋದಾಗ ಲ್ಯಾಬಿನ ಒಳಗೆ ನಿನ್ನನ್ನು ಕಂಡಳಂತೆ. ಕತ್ತಿನಲ್ಲಿ ಗುರುತಿನ ಚೀಟಿ, ಕೈಗೆ ಗ್ಲೌಸು. ಊರಿಗೆ ಬಂದವಳೇ ನನ್ನನ್ನು ಡೈರಿಯ ಹಿಂದಕ್ಕೆ ಎಳೆದುಕೊಂಡು ಹೋಗಿ, “ಕಮಲಕ್ಕ, ಯಾರ್ಗೂ ಯೋಳ್ಬ್ಯಾಡ, ನಿನ್ ಮಗ್ಳು ನಂಗೆ ಕಾಣುಸ್ಕೊಂಡ್ಳು ಕಣಕ್ಕ. ಮೈಯೆಲ್ಲ ನಡುಗೋಯ್ತು” ಎಂದಳು. ದೆವ್ವ ಕಂಡವರು ಹೇಳುತ್ತಾರಲ್ಲ, ಹಾಗೇ ಹೇಳಿದಳು. ಅವಳನ್ನು ಬೈಯುವ ಹಾಗೂ ಇಲ್ಲ. ಹೋದ ವರ್ಷ ನಮ್ಮ ಮನೆಯ ಹಿರಿಯರ ಹಬ್ಬದಲ್ಲಿ ಉಂಡು ಹೋದವಳು, ನಿನ್ನ ಎಡೆಯ ಮುಂದೆ ಕೈಮುಗಿದವಳು ಅವಳು. ಅಲ್ಲಿ ಕೈಮುಗಿದ ಮೇಲೆ ನೀನು ಹಾಡುಹಗಲಿನಲ್ಲಿ ಕೂತು ಜನರ ರಕ್ತ ತೆಗೆಯುತ್ತಿದ್ದರೆ ಯಾರಿಗಾದರೂ ನಡುಕ ಬರುತ್ತದೆ. ಹೌದು ಮಗಾ, ನಿನಗೆ ಎಡೆ ಇಟ್ಟಿದ್ದೇವೆ. ಇದನ್ನು ನಿನಗೆ ಯಾರೂ ಹೇಳಿರಲಿಕ್ಕಿಲ್ಲ, ನಾನೇ ಹೇಳಬೇಕು.

ಅದು ಅಲ್ಲಿಗೆ ಹೇಗೆ ಬಂತು ಎಂದು ಹೇಳುತ್ತೇನೆ ಕೇಳು. ಮದುವೆಗೆ ಎರಡು ದಿನ ಇರುವಾಗ ನೀನು ಬೆಳಗಿನ ಬಸ್ಸು ಹತ್ತಿದೆ. ಯಾರ ಜೊತೆ ಹೋದಳು ಎಂದು ಊರೆಲ್ಲ ಕೇಳಿತು. ಯಾರ ಜೊತೆಯೂ ಅಲ್ಲ, ಸೋದರಮಾವನನ್ನು ಕಟ್ಟಿಕೊಳ್ಳಲು ಮನಸ್ಸಿಲ್ಲದೆ ಒಬ್ಬಳೇ ಹೋದಳು ಎಂದರೆ ಯಾರೂ ನಂಬಲಿಲ್ಲ. ಯಾರ ಜೊತೆಗಾದರೂ ಹೋಗಿದ್ದರೆ ಬೈಯಲು ಒಂದು ಹೆಸರಾದರೂ ಇರುತ್ತಿತ್ತು. ನಾನು ಎತ್ತಿ ಆಡಿಸಿದ ನನ್ನ ಸ್ವಂತ ತಮ್ಮ ರವೀಂದ್ರ, ಹಳ್ಳಿಮೈಸೂರಿನಲ್ಲಿ ಮನೆ ಮುಂದೆ ಚಪ್ಪರ ಹಾಕಿಸಿಕೊಂಡು ಕೂತಿದ್ದ. ನನ್ನ ಹೊಟ್ಟೆಯೂ ಉರಿದಿತ್ತು, ಸುಳ್ಳು ಹೇಳುವುದಿಲ್ಲ. ಆದರೆ ಅವನು ಬೇರೆ ಹೆಣ್ಣು ನೋಡಿ ಮದುವೆಯಾದ, ಹೆಂಡತಿಯ ಅಡುಗೆ ಮೈಗೆ ಹತ್ತಿ ಗುಂಡಗಾಗಿದ್ದಾನೆ. ಹೋದ ತಿಂಗಳು ಸಿಕ್ಕಾಗ “ಬವ್ಯ ಎಂಗವ್ಳಕ್ಕ, ಏನಾರಾ ಗೊತ್ತಾಯ್ತಾ?” ಎಂದು ಅವನಾಗಿಯೇ ಕೇಳಿದ. ಅವಮಾನ ಆದವನೇ ಮರೆತ. ಮರೆಯದವರು ನಿಮ್ಮಪ್ಪ. ನೀನು ಹೋದ ಹೊಸದರಲ್ಲಿ ಅರಕಲಗೂಡಿನ ಸಂತೆಯಲ್ಲಿ ಯಾರೋ ಹಲ್ಲು ಕಿರಿದುಕೊಂಡು “ಮಗ್ಳು ಎಲ್ಲವ್ಳೆ ದೇವರಾಜಣ್ಣ?” ಎಂದರಂತೆ. ಇವರು “ಸತ್ತೋದ್ಲು” ಎಂದುಬಿಟ್ಟರಂತೆ. ಸಿಟ್ಟಿನಲ್ಲಿ ಬಂದ ಮಾತು. ಕೇಳಿದವನು ಸುಮ್ಮನಿದ್ದರೆ ಅಲ್ಲಿಗೇ ಮುಗಿಯುತ್ತಿತ್ತು, ಅವನು ಇನ್ನೊಬ್ಬನಿಗೆ ಹೇಳಿದ. ಮಾರನೆಯ ವಾರ ಇವರು ಅದನ್ನೇ ಮತ್ತೆ ಹೇಳಬೇಕಾಯಿತು. ಆಡಿದ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುವ ಗಂಡಸಲ್ಲ ನಿಮ್ಮಪ್ಪ, ನಿನಗೇ ಗೊತ್ತು. ಆ ಒಂದು ಮಾತನ್ನು ನಿಜ ಮಾಡಲು ಇಡೀ ಮನೆ ದುಡಿಯಿತು. ನಿನ್ನ ಬಟ್ಟೆ ಯಾರು ಯಾರಿಗೋ ಹೋಯಿತು. ಗೋಡೆಯಲ್ಲಿದ್ದ ನಿನ್ನ ಪಟಗಳು ನೀರೊಲೆಗೆ ಹೋದವು. ನಿಮ್ಮಪ್ಪ ಮುಂದೆ ಕೂತು ಎಲ್ಲರ ಫೋನಿನಿಂದಲೂ ನಿನ್ನ ಫೋಟೊ ಅಳಿಸಿಸಿದರು. ತಮಾಷೆ ನೋಡು, ಎಲ್ಲ ಅಳಿಸಿ ಮುಗಿಸಿದ ಮೇಲೆ ಪಿತೃಪಕ್ಷ ಬಂತು, ಎಡೆಗೆ ಇಡಲು ಒಂದು ಪಟ ಬೇಕಾಯಿತು.

ಆಗ ಸೌಜನ್ಯಳ ಪ್ರಿಂಟರ್ ಹೊರಗೆ ಬಂತು. ನೀನಿದ್ದಾಗ ಅದು ಇರಲಿಲ್ಲ, ಆಮೇಲೆ ಆನ್‌ಲೈನಿನಲ್ಲಿ ತರಿಸಿಕೊಂಡಳು. ಸೋಪಿನ ಡಬ್ಬಿಯಷ್ಟಿದೆ, ಬೆಳ್ಳಗಿದೆ. ಫೋನಿನಲ್ಲಿ ಪಟ ಆರಿಸಿ ಒತ್ತಿದರೆ, ತಂತಿ ಗಿಂತಿ ಏನೂ ಇಲ್ಲದೆ, ಇಸ್ಪೀಟು ಎಲೆಗಿಂತ ಚಿಕ್ಕ ಪಟ ಗುರ್ರ್ ಎನ್ನುತ್ತ ನಿಧಾನಕ್ಕೆ ಈಚೆಗೆ ಬರುತ್ತದೆ. ಅದಕ್ಕೆ ಶಾಯಿ ಇಲ್ಲ. “ಬಣ್ಣ ಕಾಗದದೊಳಗೇ ಇರುತ್ತೆ ಅತ್ತೆ, ಬಿಸಿ ತಾಗಿದ್ರೆ ಎದ್ದು ಬರುತ್ತೆ” ಎಂದು ಅವಳೇ ಹೇಳಿಕೊಟ್ಟಳು. ಹೊಸದರಲ್ಲಿ ಕರುವಿನಿಂದ ಹಿಡಿದು ಉಪ್ಪಿಟ್ಟಿನ ತಟ್ಟೆಯವರೆಗೆ ಎಲ್ಲದರ ಪಟ ತೆಗೆದು ಫ್ರಿಜ್ಜಿನ ಬಾಗಿಲಿಗೆ ಅಂಟಿಸಿದ್ದಳು. ನಿಮ್ಮಜ್ಜಿ ತನ್ನ ಪಟವನ್ನೇ ನೋಡಿ “ಇದ್ಯಾರೇ ಈ ಮುದ್ಕಿ, ನಮ್ ಮನ್ಗೆ ಯಾವಾಗ್ ಬಂದಿದ್ಲು?” ಎಂದರು. ಹೀಗೆ ನಗುನಗುತ್ತ ಮನೆಗೆ ಬಂದ ಮಿಶನ್ನು ಅದು. ಅದರ ಮುಂದೆ ಕೂರಲು ಈಗ ನನಗೆ ಭಯವಾಗುತ್ತದೆ.

ನಿನ್ನ ಒಂದೇ ಒಂದು ಪಟ ಉಳಿದಿತ್ತು, ಅದೂ ನನ್ನ ಫೋನಿನಲ್ಲಿ. ಮಹಿಳಾ ಡೈರಿಯ ವಾರ್ಷಿಕೋತ್ಸವದಲ್ಲಿ ಒಳ್ಳೆಯ ಹಾಲು ಹಾಕುತ್ತಾಳೆಂದು ನನಗೆ ಸ್ಟೀಲ್ ಕ್ಯಾನು ಬಹುಮಾನ ಕೊಟ್ಟಿದ್ದರಲ್ಲ, ಆವತ್ತು ಸೆಕ್ರೆಟರಿ ತೆಗೆದು ಡೈರಿಯ ವಾಟ್ಸಾಪ್ ಗ್ರೂಪಿಗೆ ಹಾಕಿದ್ದು. ಗ್ರೂಪಿನಲ್ಲಿದ್ದದ್ದರಿಂದ ನಿಮ್ಮಪ್ಪನ ಕಣ್ಣು ತಪ್ಪಿತ್ತು. ನಾನು ಎಡಗೈಯಲ್ಲಿ ಕ್ಯಾನು ಹಿಡಿದು ಪೆಚ್ಚುಪೆಚ್ಚಾಗಿ ನಿಂತಿದ್ದೇನೆ. ಬಲಗೈ ನಿನ್ನ ಬೆನ್ನ ಹಿಂದಿನಿಂದ ಬಳಸಿ ಆಚೆಯ ಭುಜ ಹಿಡಿದಿದೆ. ನೀನು ಏನೋ ಹೇಳಿಕೊಂಡು ನಗುತ್ತಿದ್ದೀಯ. ನಿಮ್ಮಪ್ಪ ನನ್ನ ಕೈಯಿಂದ ಫೋನು ತೆಗೆದುಕೊಂಡು ಹುಡುಕಿ ಹುಡುಕಿ, ಅದನ್ನು ಸೌಜನ್ಯಳ ಮುಂದೆ ಹಿಡಿದು, “ನಿಮ್ಮತ್ತೆ ಬರ್ಬಾರ್ದು, ಅವ್ಳೊಬ್ಳೇ ಬರಂಗೆ ತಗಿ” ಎಂದರು. ಬದುಕಿರುವವರ ಪಟ ಎಡೆಯಲ್ಲಿ ಇಡಬಾರದಲ್ಲ, ಅದಕ್ಕೆ. ಆ ಶಾಸ್ತ್ರವನ್ನು ಬಾಯಿಬಿಟ್ಟು ಹೇಳುವಾಗಲೂ ಅವರಿಗೆ ಏನೂ ಅನಿಸಲಿಲ್ಲ. ಸೌಜನ್ಯ ಫೋನು ತೆಗೆದುಕೊಂಡಳು. ನನ್ನ ಮುಖ, ನನ್ನ ಮೈ, ಕ್ಯಾನು ಎಲ್ಲವನ್ನೂ ಪಟ ಕತ್ತರಿಸುವ ಚೌಕದ ಆಚೆಗೆ ಸರಿಸಿದಳು, ಒತ್ತಿದಳು. ನಿನ್ನ ಆಚೆ ಭುಜದ ಮೇಲಿದ್ದ ನನ್ನ ಕೈಯನ್ನು ಅವಳೂ ನೋಡಲಿಲ್ಲ, ನಾವು ಯಾರೂ ನೋಡಲಿಲ್ಲ.

ಎಡೆಗೆ ಸೇರಿಸುವ ಮೊದಲು ನಿಮ್ಮಜ್ಜಿ ತಕರಾರು ತೆಗೆದರು. “ವರ್ಸ ತುಂಬ್ದೆ ಇರಿಯರ ಜತೆ ಕೂರುಸ್ಬಾರ್ದು ಕಣ್ಲಾ” ಎಂದರು. ನಿಮ್ಮಪ್ಪ “ಇವ್ಳ್ಗೆ ಅದೆಲ್ಲ ಇಲ್ಲ” ಎಂದರು. ವರ್ಷ ಯಾವತ್ತಿನಿಂದ ಲೆಕ್ಕ ಹಾಕಬೇಕು, ಬಸ್ಸು ಹತ್ತಿದ ದಿನದಿಂದಲೋ ಸಂತೆಯಲ್ಲಿ ಮಾತು ಬಂದ ದಿನದಿಂದಲೋ ಎಂದು ತಾಯಿ ಮಗ ಇಬ್ಬರೂ ಗಂಭೀರವಾಗಿ ವಾದ ಮಾಡಿದರು. ಅವಳು ಸತ್ತಿದ್ದಾಳೆಯೇ ಎಂದು ಮಾತ್ರ ಒಬ್ಬರೂ ಕೇಳಲಿಲ್ಲ. ನಾನು ಶಾವಿಗೆ ಒರಳಿನ ಮುಂದೆ ಕೂತಿದ್ದೆ. ಎಡೆಯಲ್ಲಿ ಅವರವರಿಗೆ ಇಷ್ಟವಾದದ್ದನ್ನು ಇಡಬೇಕು ತಾನೇ. ತಾತನಿಗೆ ಬಾಡಿನ ಸಾರು, ಮುದ್ದೆ, ಒಂದು ಕಟ್ಟು ಬೀಡಿ. ಮುತ್ತಜ್ಜಿಗೆ ಕಜ್ಜಾಯ, ಎಲೆ ಅಡಿಕೆ. ನಿನಗೆ ಒತ್ತುಶಾವಿಗೆ ಮತ್ತು ಗಸಗಸೆ ಕಾಯಿಹಾಲು ಮಾಡು ಎಂದು ಹೇಳಿದವರು ನಿಮ್ಮಪ್ಪನೇ. ಅದನ್ನು ಮರೆತಿರಲಿಲ್ಲ ನೋಡು. ನಿನ್ನ ಪಟ ಚಿಕ್ಕದು, ದೊಡ್ಡ ಕಟ್ಟಿನ ಪಟಗಳ ಮುಂದೆ ಕಾಣುತ್ತಲೇ ಇರಲಿಲ್ಲ. ಅದನ್ನು ಚೊಂಬಿಗೆ ಒರಗಿಸಿ, ಸೇವಂತಿಗೆ ಎಳೆ ಹಾಕಿ, ಕಾಣಲಿ ಎಂದು ದೀಪವನ್ನು ಹತ್ತಿರಕ್ಕೆ ಎಳೆದರು. ಆಮೇಲೆ ಹಿರಿಯರು ಬಂದು ಉಣ್ಣಲಿ ಎಂದು ನಡುಮನೆಯ ಬಾಗಿಲು ಹಾಕಿಕೊಂಡು ಎಲ್ಲರೂ ಜಗಲಿಯಲ್ಲಿ ಕೂತೆವು.

ಪ್ರತಿ ವರ್ಷ ಹಾಗೆ ಕೂತಿದ್ದೇವೆ, ನೀನೂ ಕೂತಿದ್ದೀಯ. ಒಳಗೆ ಸಣ್ಣ ಸದ್ದಾದರೆ “ತಾತ ಬಂದ, ಬೀಡಿ ಹಚ್ಚಿದ” ಎಂದು ನೀನೇ ಕಿಸಕ್ಕನೆ ನಗುತ್ತಿದ್ದೆ. ಆವತ್ತು ಸದ್ದಾಗಲಿಲ್ಲ. ತಾತ ಬಂದು ಉಂಡರೆ ಉಣ್ಣಲಿ, ಮುತ್ತಜ್ಜಿ ಬಂದರೆ ಬರಲಿ, ಅವರು ನಮ್ಮವರು. ಆದರೆ ನಿನ್ನ ಎಲೆಯ ಮುಂದೆ ಯಾರು ಕೂತಿರುತ್ತಾರೆ? ನೀನಂತೂ ಅಲ್ಲ, ನೀನು ಎಲ್ಲೋ ಬದುಕಿದ್ದೀಯ, ಆ ಹೊತ್ತಿಗೆ ಹಸಿದಿದ್ದರೂ ಹಸಿದಿರಬಹುದು. ಹಾಗಾದರೆ ನಿನ್ನ ಹೆಸರು ಹೇಳಿ ಕರೆದ ಊಟಕ್ಕೆ, ನಿನ್ನ ಹೆಸರು ಹಾಕಿಕೊಂಡು ಬಂದಿರುವುದು ಯಾವುದು? ಬಾಗಿಲಿಗೆ ಬೆನ್ನು ಮಾಡಿ ಕೂತಿದ್ದೆ, ಬೆನ್ನು ತಣ್ಣಗಾಯಿತು. ನಿಮ್ಮಜ್ಜಿ ಎದ್ದು ಚಪ್ಪಾಳೆ ತಟ್ಟಿ ಬಾಗಿಲು ತೆಗೆದರು. ದೀಪದ ಬಿಸಿಗೆ ಪಟದೊಳಗಿನ ಬಣ್ಣವೆಲ್ಲ ಎದ್ದುಬಿಟ್ಟಿತ್ತು ಮಗಾ. ನಿನ್ನ ನಗು ಇಲ್ಲ, ಕಣ್ಣಿಲ್ಲ. ಮುಖವಿದ್ದ ಜಾಗ ನೀಲಿಗಟ್ಟಿ, ನಡುವೆ ಕಪ್ಪಾಗಿ, ನೀರಿನಿಂದ ಎತ್ತಿ ತಂದವರ ಮುಖದಂತೆ ಆಗಿತ್ತು. ಬಿಸಿ ತಾಗದ ಮೂಲೆಯಲ್ಲಿ ಒಂದು ಭುಜ, ಅದರ ಮೇಲೆ ಒಂದು ಕೈ, ಅಷ್ಟು ಮಾತ್ರ ಹೊಸದಾಗಿ ತೊಳೆದಿಟ್ಟ ಹಾಗೆ ಉಳಿದಿತ್ತು. ನಿಮ್ಮಜ್ಜಿ ಬಗ್ಗಿ ನೋಡಿ “ಇದ್ಯಾರ್ ಕೈಲಾ?” ಎಂದರು. ಹಸಿರು ಬಳೆ, ಸೊಟ್ಟ ಕಿರುಬೆರಳು, ಯಾರದೆಂದು ಎಲ್ಲರಿಗೂ ಗೊತ್ತಾಗಿತ್ತು. ಹೂವು ಸರಿಯಾಗಿ ನನ್ನ ಮಣಿಕಟ್ಟಿನ ಮೇಲೆ ಬಿದ್ದಿತ್ತು. “ಮುತ್ತೈದೆ ಕೈಗೆ ಊವ ಹಾಕ್ಬುಟ್ಯಲ್ಲೋ ದೇವರಾಜ, ಬದುಕಿರೋಳ್ ಕೈಗೆ ಎಡೆ ಇಕ್ಬುಟ್ಯಲ್ಲೋ” ಎಂದು ನಿಮ್ಮಜ್ಜಿ ಎದೆ ಬಡಿದುಕೊಂಡರು. ಬದುಕಿರುವ ನಿನಗೆ ಇಟ್ಟದ್ದಕ್ಕೆ ಅಷ್ಟು ಅಳಲಿಲ್ಲ.

ಉಳಿದವರ ಎಲೆಯದನ್ನು ಎಲ್ಲರೂ ಹಂಚಿಕೊಂಡು ಉಂಡರು. ನಿನ್ನ ಎಲೆಗೆ ಯಾರೂ ಕೈಹಾಕಲಿಲ್ಲ. ಶಾವಿಗೆ ಒಣಗುತ್ತಿತ್ತು, ನೊಣ ಬರುತ್ತಿತ್ತು. ನಾನು ಕೂತು ಪೂರ್ತಿ ತಿಂದೆ. ಕಾಯಿಹಾಲು ಚೆನ್ನಾಗಿತ್ತು, ಅದನ್ನೂ ಹೇಳುತ್ತೇನೆ, ಗಂಟಲಿನಲ್ಲಿ ಇಳಿಯಿತು. ಮಗಳ ಎಡೆಯನ್ನು ಉಣ್ಣುವ ಕಷ್ಟ ಯಾವ ತಾಯಿಗೂ ಬೇಡ. ಎಡೆಗೆ ಒಂದು ಸಲ ಇಟ್ಟ ಪಟವನ್ನು ಬದಲಿ ಇಡದೆ ತೆಗೆಯಬಾರದಂತೆ, ಅದಕ್ಕೆ ಕಟ್ಟು ಹಾಕಿಸಿ ತಾತನ ಪಕ್ಕದಲ್ಲಿ ನೇತುಹಾಕಿದರು. ಹೋದವರು ಬಂದವರೆಲ್ಲ ಅದನ್ನು ನೋಡಿ, ಏನೂ ಕೇಳದೆ ಕಾಫಿ ಕುಡಿದು ಹೋಗುತ್ತಿದ್ದರು.

ಆವತ್ತು ಸಂಜೆಯೇ ನನ್ನ ಬಲಗೈ ಜೋಮು ಹಿಡಿಯಿತು. ಹೋಗಲಿ, ಒರಳು ಒತ್ತಿದ್ದಕ್ಕೆ ಎಂದುಕೊಂಡೆ. ಹೋಗಲಿಲ್ಲ. ಹಾಸನಕ್ಕೆ ಕರೆದುಕೊಂಡು ಹೋದರು, ಡಾಕ್ಟರು ಕತ್ತಿನ ನರ ಎಂದರು, ಮಾತ್ರೆ ಕೊಟ್ಟರು, ದಿಂಬು ಬೇಡ ಎಂದರು. ದಿಂಬು ಬಿಟ್ಟೆ, ಕೈ ಹಾಗೇ ಇದೆ, ಯಾವಾಗಲೂ ತಣ್ಣಗೆ. ಸೂಜಿ ಚುಚ್ಚಿದರೂ ಗೊತ್ತಾಗುವುದಿಲ್ಲ. ಗೊತ್ತಾಗುವುದು ಒಂದೇ. ಇದನ್ನು ಡಾಕ್ಟರಿಗೂ ಹೇಳಿಲ್ಲ, ನಿಮ್ಮಪ್ಪನಿಗೂ ಹೇಳಿಲ್ಲ. ಅಂಗೈ ಕೆಳಗೆ ಒಂದು ಭುಜ ಇದೆ. ಪಾತ್ರೆ ತೊಳೆಯುವಾಗ, ಜಗಲಿಯಲ್ಲಿ ಸುಮ್ಮನೆ ಕೂತಾಗ, ಬೆಚ್ಚಗೆ, ಉಸಿರಾಡಿದರೆ ಸ್ವಲ್ಪ ಮೇಲೆದ್ದು ಇಳಿಯುತ್ತದೆ. ಮೊದಮೊದಲು ಅಂಗೈ ತುಂಬ ಸಿಗುತ್ತಿತ್ತು. ಆಷಾಢದಿಂದ ಈಚೆಗೆ ಮೂಳೆ ಸಿಗುತ್ತಿದೆ. ಗಂಗಾಂಬಿಕೆ ಬಂದು ನೀನು ಸಣ್ಣಗಾಗಿದ್ದೀಯ ಎಂದಾಗ ನನಗೆ ಅದು ಹೊಸ ಸುದ್ದಿಯಾಗಿರಲಿಲ್ಲ. ನಿನ್ನ ಬಲ ಭುಜದ ಮೇಲೆ ಯಾವಾಗಲಾದರೂ ಏನಾದರೂ ಭಾರ ಇಟ್ಟ ಹಾಗೆ ಅನಿಸುತ್ತದೆಯೇ? ಅನಿಸಿದರೆ ಹೆದರಬೇಡ, ಅದು ನಾನೇ.

ನಿಮ್ಮಜ್ಜಿ ನನ್ನ ಕೈಯನ್ನು ಶುಭದ ಕೆಲಸಗಳಿಂದ ಒಂದೊಂದಾಗಿ ಬಿಡಿಸಿದರು. ಮೊದಲು ಹೊಸಿಲಿಗೆ ಅರಿಸಿನ ಹಚ್ಚುವುದು, ಆಮೇಲೆ ದೇವರ ಮುಂದಿನ ದೀಪ. ಸತ್ತವರ ಕೆಲಸಕ್ಕೆ ಮಾತ್ರ ಈ ಕೈ ಆಗುತ್ತದೆ, ಪಟಗಳಿಗೆ ಹೂವು ಹಾಕುವವಳು ಈಗಲೂ ನಾನೇ. ಕೆಟ್ಟ ಮನಸ್ಸಿನಿಂದಲ್ಲ, ಅವರಿಗೆ ನಿಜವಾಗಿ ಭಯ. ಶ್ರಾವಣದಲ್ಲಿ ಸೌಜನ್ಯಳ ಸೀಮಂತ ಆಯಿತು. ಹೊಳೆನರಸೀಪುರದ ಬೀಗರೆಲ್ಲ ಬಂದಿದ್ದರು. ಹಸಿರು ಬಳೆ ತೊಡಿಸುವ ಹೊತ್ತಿಗೆ ಸೌಜನ್ಯ ನನ್ನ ಕಡೆಗೇ ಕೈ ಚಾಚಿದಳು, ಒಳ್ಳೆಯ ಹುಡುಗಿ. ನಿಮ್ಮಜ್ಜಿ ನಡುವೆ ಬಂದು “ಬ್ಯಾಡ ಕಣವ್ವ, ಆ ಕೈ ಬ್ಯಾಡ. ಮಗಿನ್ ಇಚಾರ” ಎಂದು ಮೆಲ್ಲಗೆ ಹೇಳಿದರು. ಮೆಲ್ಲಗೆ ಹೇಳಿದ್ದು ಎಲ್ಲರಿಗೂ ಕೇಳಿಸಿತು. ನಾನು ಅಡುಗೆಮನೆಗೆ ಹೋಗಿ ಪಾಯಸ ತಿರುವುತ್ತ ನಿಂತೆ, ಎಡಗೈಯಲ್ಲಿ. ಅಷ್ಟು ಅವಮಾನ ನನಗೆ ಜನ್ಮದಲ್ಲಿ ಆಗಿರಲಿಲ್ಲ. ಇನ್ನು ಮಗು ಹುಟ್ಟಿದ ಮೇಲೆ ಎತ್ತಿಕೊಳ್ಳುವ ಹಾಗಿಲ್ಲ, ನೀರು ಹಾಕುವ ಹಾಗಿಲ್ಲ. ನಿಮ್ಮಿಬ್ಬರನ್ನೂ ಕಾಲ ಮೇಲೆ ಮಲಗಿಸಿಕೊಂಡು ನೀರು ಹಾಕಿದ ಕೈ ಇದು.

ನಿಮ್ಮಪ್ಪನನ್ನು ಕಲ್ಲು ಎಂದುಕೊಳ್ಳಬೇಡ. ಒಂದು ಮಧ್ಯಾಹ್ನ ನಾನು ಹಿತ್ತಲಿನಿಂದ ಒಳಗೆ ಬಂದರೆ, ಆ ಪಟವನ್ನು ಕಟ್ಟಿನಿಂದ ಬಿಚ್ಚಿ ತೊಡೆಯ ಮೇಲೆ ಇಟ್ಟುಕೊಂಡು, ಒದ್ದೆ ಟವೆಲಿನ ತುದಿಯಿಂದ ಒರೆಸುತ್ತ ಕೂತಿದ್ದರು. ಮಗುವಿನ ಮುಖ ಒರೆಸುವ ಹಾಗೆ, ಮೆಲ್ಲಗೆ. ನನ್ನನ್ನು ನೋಡಿ “ಓಗಲ್ವಾ ಇದು?” ಎಂದರು. ಒಳಗಿನಿಂದ ಎದ್ದ ಬಣ್ಣ, ಹೊರಗೆ ಒರೆಸಿದರೆ ಹೋಗುತ್ತದೆಯೇ ಎಂದೆ. ಅವರು ಅದನ್ನು ಮತ್ತೆ ಕಟ್ಟಿಗೆ ಸೇರಿಸಿ, ಮೊಳೆಗೆ ಹಾಕಿ, ತೋಟಕ್ಕೆ ಹೋದರು. ಆವತ್ತು ನನಗೆ ಅವರ ಮೇಲೆ ಸಿಟ್ಟಿಗಿಂತ ಹೆಚ್ಚು ಕನಿಕರ ಬಂತು. ಆದರೂ ಆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಿಲ್ಲ. ಈ ವರ್ಷದ ಎಡೆಗೆ ಬಾಡು ಎಷ್ಟು ತರಬೇಕು ಎಂದು ಹೋದ ವಾರವೇ ಕೇಳಿದರು.

ಈ ಭಾನುವಾರ ಅಮಾವಾಸ್ಯೆ. ನಿಮ್ಮಜ್ಜಿ ದಾರಿ ಕಂಡುಹಿಡಿದಿದ್ದಾರೆ. ನಿನ್ನ ಮುಖ ಮಾತ್ರ ಬರುವ ಹಾಗೆ ಹೊಸ ಪಟ ತೆಗೆದು ಎಡೆಗೆ ಇಟ್ಟು, ಹಳೆಯದನ್ನು ಹೊಳೆಗೆ ಬಿಟ್ಟರೆ ನನ್ನ ಕೈ ಬಿಡುಗಡೆಯಾಗುತ್ತದಂತೆ. ನಿಮ್ಮಪ್ಪನೂ ಆಗಲಿ ಎಂದಿದ್ದಾರೆ. ಸೌಜನ್ಯ ಪ್ರಿಂಟರ್ ಇಲ್ಲೇ ಬಿಟ್ಟು ಹೋಗಿದ್ದಾಳೆ, ಯಾವ ಗುಂಡಿ ಒತ್ತಬೇಕು, ಚೌಕ ಹೇಗೆ ಎಳೆಯಬೇಕು ಎಂದು ಫೋನಿನಲ್ಲಿ ಹೇಳಿಕೊಟ್ಟಳು. ನಿನ್ನೆ ಮಧ್ಯಾಹ್ನ ಮನೆಯಲ್ಲಿ ಯಾರೂ ಇರಲಿಲ್ಲ. ಕಾಗದ ಹಾಕಿದೆ. ಚೌಕವನ್ನು ಚಿಕ್ಕದು ಮಾಡುತ್ತ ಮಾಡುತ್ತ ನನ್ನ ಕೈಯನ್ನು ಆಚೆಗೆ ಕಳಿಸಿದೆ, ನಿನ್ನ ಭುಜ ಹೋಯಿತು, ಕತ್ತು ಹೋಯಿತು, ಮುಖ ಉಳಿಯಿತು. ಒತ್ತಿದೆ. ಮೊದಲು ಹಣೆ ಬಂತು, ಆಮೇಲೆ ಕಣ್ಣು, ಆಮೇಲೆ ಆ ನಗು. ಬೆಚ್ಚಗಿತ್ತು ಮಗಾ. ಬಲಗೈಯಲ್ಲಿ ಹಿಡಿದುಕೊಂಡಿದ್ದೆ, ಬಿಸಿ ಗೊತ್ತಾಯಿತು. ಸೂಜಿ ಚುಚ್ಚಿದರೂ ಗೊತ್ತಾಗದ ಕೈಗೆ ಗೊತ್ತಾಯಿತು. ಬೆರಳು ಮಡಚಿದೆ, ಮಡಚಿತು. ಚೊಂಬು ಎತ್ತಿದೆ, ಎತ್ತಿತು. ಇನ್ನೇನು ಖುಷಿಯಿಂದ ಕೂಗಬೇಕು, ಆಗ ಅಂಗೈ ಖಾಲಿ ಎಂದು ಗೊತ್ತಾಯಿತು. ಭುಜ ಇರಲಿಲ್ಲ. ಒಂದು ವರ್ಷದಿಂದ ಒಂದು ಗಳಿಗೆಯೂ ಬಿಟ್ಟಿರದ ಭುಜ ಇರಲಿಲ್ಲ.

ಆ ಪಟವನ್ನು ಕವುಚಿ ಅಕ್ಕಿ ಡಬ್ಬದ ಕೆಳಗೆ ತಳ್ಳಿದೆ. ಸ್ವಲ್ಪ ಹೊತ್ತಿಗೆ ಕೈ ಮತ್ತೆ ತಣ್ಣಗಾಯಿತು, ಭುಜವೂ ಬಂತು. ಅಡುಗೆಮನೆಯ ನೆಲದ ಮೇಲೆ ಕೂತು ಅತ್ತುಬಿಟ್ಟೆ. ಇದೆಲ್ಲ ವಯಸ್ಸಾದವಳ ಮರುಳು ಎಂದು ನೀನು ಅನ್ನಬಹುದು, ಓದಿದವಳು, ಲ್ಯಾಬಿನಲ್ಲಿ ಕೂತವಳು. ಇರಬಹುದು. ಆದರೆ ಈಗ ನನ್ನ ಮುಂದಿರುವುದು ಇಷ್ಟು. ಆ ಮುಖದ ಪಟವನ್ನು ಭಾನುವಾರ ಎಡೆಯಲ್ಲಿ ಇಟ್ಟರೆ ನನಗೆ ಕೈ ಬರುತ್ತದೆ, ಹುಟ್ಟುವ ಮಗುವನ್ನು ಎತ್ತಿಕೊಳ್ಳುತ್ತೇನೆ, ಹೊಸಿಲಿಗೆ ಅರಿಸಿನ ಹಚ್ಚುತ್ತೇನೆ. ನೀನು ಮಾತ್ರ ಅಲ್ಲಿ ಒಬ್ಬಳೇ ಆಗುತ್ತೀಯ, ಹಿಡಿದುಕೊಳ್ಳಲು ಯಾರೂ ಇಲ್ಲದೆ. ಇಡುವುದಿಲ್ಲ ಎಂದರೆ ಈ ಮನೆಯಲ್ಲಿ ಮಗುವಿನ ಹತ್ತಿರ ನನ್ನನ್ನು ಬಿಡುವವರಿಲ್ಲ. ಯಾರನ್ನು ಕೇಳಲಿ? ಕೇಳಬೇಕಾದವಳು ನೀನೊಬ್ಬಳೇ, ನಿನ್ನ ನಂಬರು ನನ್ನ ಹತ್ತಿರ ಇಲ್ಲ.

ಕುಮಾರ ಡೈರಿಯಿಂದ ಬರುವ ಹೊತ್ತಾಯಿತು, ನಿಲ್ಲಿಸುತ್ತೇನೆ. ನಾಳೆ ಅರಕಲಗೂಡಿಗೆ ಮಾತ್ರೆ ತರಲು ಹೋಗುವಾಗ ಇದನ್ನು ನಾನೇ ಸ್ಪೀಡ್ ಪೋಸ್ಟಿಗೆ ಹಾಕುತ್ತೇನೆ. ಮೈ ಕಡೆ ನಿಗಾ ಇರಲಿ. ಸಂಬಳ ಬಂದಾಗ ಮೊದಲು ಹಾಲು ತುಪ್ಪ ತೆಗೆದುಕೋ, ಆಮೇಲೆ ಬಟ್ಟೆ. ನೂರು ವರ್ಷ ಬದುಕು. ಹಿಂದೆಲ್ಲ ಕಾಗದದ ಕೊನೆಯಲ್ಲಿ ಇದನ್ನು ಸುಮ್ಮನೆ ಬರೆಯುತ್ತಿದ್ದೆವು, ಇವತ್ತು ನಾನು ಇದನ್ನು ಬೇಡಿಕೊಂಡು ಬರೆದಿದ್ದೇನೆ.

ನಿನ್ನ ಅಮ್ಮ,
ಕಮಲಾಕ್ಷಮ್ಮ

ಮತ್ತೆ ಬರೆದದ್ದು: ಬುಧವಾರ, ಅರಕಲಗೂಡು ಪೋಸ್ಟ್ ಆಫೀಸಿನಲ್ಲಿ ನಿಂತು ಬರೆಯುತ್ತಿದ್ದೇನೆ, ಅವಸರ. ನಿನ್ನ ಮುಖದ ಪಟವನ್ನು ಅವರಿಗೆ ಕೊಡುವುದಿಲ್ಲ. ಇವತ್ತು ಬೆಳಿಗ್ಗೆ ಅದೇ ಫೋಟೊದಲ್ಲಿ ಚೌಕವನ್ನು ಈ ಕಡೆಗೆ ಎಳೆದು ನನ್ನೊಬ್ಬಳನ್ನೇ ತೆಗೆದೆ, ಕ್ಯಾನಿನ ಸಮೇತ. ಭಾನುವಾರ ಮಧ್ಯಾಹ್ನ ಎಡೆಗೆ ಹೂವು ಹಾಕುವವಳು ನಾನೇ ತಾನೇ, ಕೊನೆಯಲ್ಲಿ ನಿನ್ನ ಪಟದ ಬದಲಿಗೆ ಅದನ್ನು ಇಟ್ಟುಬಿಡುತ್ತೇನೆ, ದೀಪದಿಂದ ದೂರ. ನಿಮ್ಮಪ್ಪನ ಮಾತು ನಿಜವಾಗಬೇಕಾದರೆ ಮನೆಯಿಂದ ಯಾರಾದರೂ ಒಬ್ಬರು ಹೋಗಬೇಕು, ನಾನು ಹೋಗುತ್ತೇನೆ. ಆ ಪಟದಲ್ಲಿ ನನಗೆ ಬಲಗೈ ಇಲ್ಲ, ಅದು ನಿನ್ನ ಕಡೆಯ ಅರ್ಧದಲ್ಲಿ ನಿನ್ನ ಭುಜದ ಮೇಲೇ ಇದೆ. ಆ ಅರ್ಧವನ್ನೂ ತೆಗೆದು ಇದರೊಳಗೆ ಇಟ್ಟಿದ್ದೇನೆ, ಬಿಸಿ ತಾಗಿಸಬೇಡ. ಅವರೆಲ್ಲ ಬಾಗಿಲು ಹಾಕಿಕೊಂಡು ಜಗಲಿಯಲ್ಲಿ ಕೂತಿರುವಾಗ ನಾನು ಹಿತ್ತಲಿನಿಂದ ಹೊರಟು, ಹೊಳೆನರಸೀಪುರದ ಮೇಲೆ ಚನ್ನರಾಯಪಟ್ಟಣಕ್ಕೆ ಬರುತ್ತೇನೆ. ಸಂಜೆ ಬಸ್ ಸ್ಟ್ಯಾಂಡಿನಲ್ಲಿ ಇರು. ನನ್ನನ್ನು ಕಂಡು ಹೆದರಬೇಡ. ಅಷ್ಟು ಹೊತ್ತಿಗೆ ಮನೆಯಲ್ಲಿ ನನಗೆ ಎಡೆ ಇಟ್ಟಿರುತ್ತಾರೆ, ಅಷ್ಟೇ. ಬದುಕೇ ಇರುತ್ತೇನೆ, ಮುಟ್ಟಿ ನೋಡು.